ಕೋವಿಯ ಒದೆತವೂ ರಬ್ಬರಿನ ಮೆತ್ತೆಯೂ



ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಕೊಡಗಿಗೆ ಹೋದವರು ಅಲ್ಲಿಯ ಕೈಲ್ ಮುಹೂರ್ತದ ಹಬ್ಬವನ್ನು ಕಂಡಿರಬಹುದು. ನಾಟಿಯ ಕೆಲಸ ಮುಗಿದ ಮೇಲೆ ಮನೆಯ ಕೋವಿಗಳನ್ನೂ ಕತ್ತಿಗಳನ್ನೂ ಶುಚಿಮಾಡಿ, ಹೂವೇರಿಸಿ, ಪೂಜಿಸಿ, ಅನಂತರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅಲ್ಲಿಯ ಸಂಪ್ರದಾಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬಹುಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಹೀಗಾಗಿ ಅಜ್ಜನ ಕೋವಿ ಮೊಮ್ಮಗನ ಕೈಗೂ ಮೊಮ್ಮಗಳ ಕೈಗೂ ಬರುವುದು ಅಲ್ಲಿ ಅಪರೂಪವಲ್ಲ. ಕೋವಿಯೇನೋ ಬರುತ್ತದೆ, ಅದರ ಮರವನ್ನು ಕಡೆದದ್ದು ಮಾತ್ರ ಅಜ್ಜನ ತೋಳಿನ ಅಳತೆಗೆ. ಪಂದ್ಯ ಮುಗಿಸಿ ಮನೆಗೆ ಬಂದ ಹುಡುಗಿಯ ಹೆಗಲ ಮೇಲೆ ನೀಲಿಗಟ್ಟಿದ ಗುರುತನ್ನು ಕಂಡ ತಾಯಿ, “ಇದಕ್ಕೊಂದು ರಬ್ಬರ್ ಹಾಕಿಸಬಾರದೆ?” ಎಂದು ಕೇಳುವುದು ಸಹಜ. ಹಾಕಿಸಬಹುದು. ಆದರೆ ಹೇಗೆಂಬುದನ್ನು ತಿಳಿಯದೆ ಹಾಕಿಸಿದರೆ ಆಗತಕ್ಕ ಕೇಡೇನೆಂಬುದನ್ನು ನಾವು ನಮ್ಮ ಹೆಗಲಿನಿಂದಲೇ ಕಲಿತಿದ್ದೇವೆ. ಆ ಕಥೆಯನ್ನು ಮುಂದೆ ಹೇಳುತ್ತೇವೆ.

ಮೊದಲು ಕೋವಿ ಒದೆಯುವುದೇಕೆಂಬುದನ್ನು ನೋಡೋಣ. ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ನಡೆಯತಕ್ಕದ್ದು. ಸುಮಾರು ಮೂರುಕಾಲು ಕಿಲೋಗ್ರಾಂ ತೂಗುವ 12 ಬೋರ್ ಕೋವಿಯಿಂದ 32 ಗ್ರಾಂ ಚರೆ ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಹೊರಟಿತೆನ್ನೋಣ. ಚರೆಯ ಹಿಂದಿನ ಬಿರಡೆಯನ್ನೂ ಉರಿದ ಮದ್ದಿನ ಅನಿಲವನ್ನೂ ಲೆಕ್ಕಕ್ಕೆ ಸೇರಿಸಿದರೆ ಕೋವಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಈ ವೇಗವೆಷ್ಟೆಂದು ಮನಸ್ಸಿಗೆ ತಂದುಕೊಳ್ಳಬೇಕಾದರೆ, ಅದೇ ಕೋವಿಯನ್ನು ಊಟದ ಮೇಜಿನಷ್ಟು ಎತ್ತರದಿಂದ ಬುಡ ಕೆಳಗಾಗಿ ಹೆಗಲ ಮೇಲೆ ಬೀಳಿಸಿದಂತೆ ಎಂದು ತಿಳಿಯಬಹುದು. ಒಂದು ಸಲವಾದರೆ ಸಹಿಸಬಹುದು. ಇಪ್ಪತ್ತೈದು ಸಲವಾದರೆ ದೇಹವು ತನಗೆ ತಾನೇ ಒಂದು ಕೆಟ್ಟ ಅಭ್ಯಾಸವನ್ನು ಕಲಿಯುತ್ತದೆ. ಟ್ರಿಗರ್ ಎಳೆಯುವುದಕ್ಕೆ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಹಿಂಜರಿಯುತ್ತದೆ, ನಳಿಗೆಯ ಬಾಯಿ ಗುರಿಯಿಂದ ಜಾರುತ್ತದೆ. ನೀಲಿ ಗುರುತು ವಾರದಲ್ಲಿ ಮಾಯುತ್ತದೆ. ಈ ಬೆದರು ಹಾಗೆ ಮಾಯುವುದಿಲ್ಲ. ಗುಂಡಿನ ದಾರಿಯಲ್ಲಿ ಯಾರಿರುತ್ತಾರೆಂಬುದನ್ನು ನೆನೆದರೆ, ಕಣ್ಣು ಮುಚ್ಚಿ ಹೊಡೆಯುವವನ ಕೈಯಲ್ಲಿ ಕೋವಿ ಇರುವುದು ಅವನೊಬ್ಬನ ಸಂಕಟ ಮಾತ್ರವಲ್ಲವೆಂಬುದು ತಿಳಿಯುತ್ತದೆ.

ಮೆತ್ತೆಯು ಈ ಒದೆತವನ್ನು ಅಳಿಸಿಬಿಡುತ್ತದೆಂದು ಅನೇಕರು ನಂಬಿದ್ದಾರೆ. ಅದು ಹಾಗಲ್ಲ. ಬರತಕ್ಕ ಒಟ್ಟು ತಳ್ಳು ಅಷ್ಟೇ ಇರುತ್ತದೆ. ಮೆತ್ತೆಯು ಅದನ್ನು ಸ್ವಲ್ಪ ಹೆಚ್ಚು ಕಾಲಕ್ಕೂ ಹೆಚ್ಚು ಅಗಲಕ್ಕೂ ಹಂಚುತ್ತದೆ. ಕ್ರಿಕೆಟ್ ಆಟದಲ್ಲಿ ಚೆಂಡು ಹಿಡಿಯುವವನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾನಲ್ಲವೆ? ರಬ್ಬರು ಅಮರುವಾಗ ಆಗುವುದೂ ಅದೇ. ಹಳೆಯ ಕೆಲವು ರೈಫಲುಗಳ ಬುಡದಲ್ಲಿದ್ದ ಅರ್ಧಚಂದ್ರಾಕಾರದ ಕಿರಿದಾದ ಉಕ್ಕಿನ ತಗಡು ಹೆಗಲನ್ನು ಇರಿಯುತ್ತಿದ್ದುದಕ್ಕೂ ಅಗಲವಾದ ಬುಡ ತಳ್ಳುವುದಕ್ಕೂ ಇರುವ ಅಂತರವನ್ನು ಎರಡನ್ನೂ ಹೊಡೆದವರು ಬಲ್ಲರು. ಒದೆತವನ್ನೇ ತಗ್ಗಿಸಬೇಕಾದರೆ ತೋಟಾವನ್ನು ಬದಲಿಸಬೇಕು. 32 ಗ್ರಾಂ ಚರೆಯ ಬದಲು, ಅಂತರರಾಷ್ಟ್ರೀಯ ಗುರಿಪಂದ್ಯಗಳಲ್ಲಿ ಇಂದು ಬಳಸುವ 24 ಗ್ರಾಮಿನ ತೋಟಾವನ್ನು ಹಾಕಿದರೆ, ವೇಗವು ಅಷ್ಟೇ ಇದ್ದರೂ ಒದೆತದ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಡಮೆಯಾಗುತ್ತದೆ. ಯಾವ ಮೆತ್ತೆಯೂ ಇಷ್ಟು ಉಪಕಾರ ಮಾಡಲಾರದು. ಅಂಗಡಿಗೆ ಹೋಗುವುದಕ್ಕೆ ಮೊದಲು ಇದನ್ನು ಪರೀಕ್ಷಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಕಥೆ. ಹಿಂದೆ ನಮ್ಮ ಕೈಗೆ ಬಂದ ಒಂದು ಜೋಡಿನಳಿಗೆಯ ಕೋವಿಯ ಬುಡಕ್ಕೆ ಒಬ್ಬ ಕುಶಲ ಬಡಗಿಯಿಂದ ಒಂದಂಗುಲ ದಪ್ಪದ ರಬ್ಬರನ್ನು ಹಾಕಿಸಿದೆವು. ಆತನು ಮರವನ್ನು ಒಂದು ಕೂದಲೆಳೆಯಷ್ಟೂ ಕೊಯ್ಯದೆ ಇದ್ದ ಬುಡದ ಮೇಲೆಯೇ ಅದನ್ನು ಕೂರಿಸಿದನು; ನಾವೂ ಮರ ಉಳಿಯಿತೆಂದು ಸಂತೋಷಪಟ್ಟೆವು. ಮೊದಲೇ ನಮಗೆ ಉದ್ದವಾಗಿದ್ದ ಕೋವಿ ಇನ್ನೂ ಒಂದಂಗುಲ ಉದ್ದವಾಯಿತು. ಎತ್ತುವಾಗ ಅದರ ಬುಡ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುವುದು. ಹೆಗಲ ಗುಳಿಗೆ ಬಾರದೆ ತೋಳಿನ ಮೂಳೆಯ ಮೇಲೆಯೇ ನಿಲ್ಲುವುದು. ಮೆತ್ತೆಯಿಲ್ಲದಾಗ ಹೆಗಲು ನೊಂದರೆ ಮೆತ್ತೆಯಿದ್ದಾಗ ತೋಳು ನೊಂದಿತು. ತಪ್ಪು ರಬ್ಬರಿನದಲ್ಲ, ಅಳತೆಯನ್ನು ಕೇಳದ ನಮ್ಮದು.

ಆದುದರಿಂದ ಮೆತ್ತೆಯ ವಿಚಾರವೆಂದರೆ ಮೊದಲು ಉದ್ದದ ವಿಚಾರ. ಟ್ರಿಗರಿನಿಂದ ಬುಡದ ನಡುಮಧ್ಯದವರೆಗಿನ ಉದ್ದವನ್ನು ಅಳೆಯಬೇಕು; ಎರಡು ಟ್ರಿಗರುಗಳಿದ್ದರೆ ಮುಂದಿನದರಿಂದ. ಸಾಧಾರಣ ಎತ್ತರದ ಗಂಡಸಿಗೆ ಇದು 14ರಿಂದ 14½ ಅಂಗುಲದ ಸುತ್ತಮುತ್ತ ಇರುತ್ತದೆ. ಬುಡವನ್ನು ಮೊಣಕೈಯ ಮಡಿಕೆಯಲ್ಲಿಟ್ಟು ಬೆರಳು ಟ್ರಿಗರಿಗೆ ಎಟಕುತ್ತದೆಯೇ ಎಂದು ನೋಡುವ ವಾಡಿಕೆಯುಂಟು; ಅದನ್ನು ನಂಬಬೇಡಿ. ಖಾಲಿ ಕೋವಿಯನ್ನು ಹೆಗಲಿಗೇರಿಸಿ ಕೆನ್ನೆಯನ್ನು ಮರಕ್ಕೊತ್ತಿದಾಗ ಮೂಗಿಗೂ ಹಿಡಿಯ ಮೇಲಿನ ಹೆಬ್ಬೆರಳಿಗೂ ನಡುವೆ ಎರಡು ಬೆರಳಗಲ ಉಳಿದರೆ ಉದ್ದ ಸುಮಾರಾಗಿ ಸರಿ. ಪರೀಕ್ಷೆಯನ್ನು ಯಾವ ಬಟ್ಟೆಯುಟ್ಟು ಹೊಡೆಯುತ್ತೀರೋ ಆ ಬಟ್ಟೆಯಲ್ಲಿಯೇ ಮಾಡಬೇಕು. ದಪ್ಪ ಕುಪ್ಯವೋ ಉಣ್ಣೆಯ ಕೋಟೋ ಅರ್ಧ ಅಂಗುಲವನ್ನು ಸುಲಭವಾಗಿ ನುಂಗಿಬಿಡುತ್ತದೆ.

ಮರವನ್ನು ಕೊಯ್ಯುವುದಕ್ಕೆ ಮೊದಲು, ಬುಡಕ್ಕೆ ಕಾಲುಚೀಲದಂತೆ ತೊಡಿಸುವ ರಬ್ಬರನ್ನೋ ಲಾಡಿಯಿಂದ ಬಿಗಿಯುವ ಚರ್ಮದ ಹೊದಿಕೆಯನ್ನೋ ಹಾಕಿ ಕೆಲವು ದಿನ ಹೊಡೆದು ನೋಡಬಹುದು. ಅದರಿಂದ ಕೋವಿ ಉದ್ದವಾಗುವುದು ನಿಜ. ಆದರೆ ತೆಗೆದರೆ ಮೊದಲಿನಂತಾಗುತ್ತದೆ. ಕೋವಿ ಗಿಡ್ಡವಾಗಿದ್ದವರಿಗೆ ಇಷ್ಟೇ ಸಾಕಾಗಿ ಗರಗಸದ ಅಗತ್ಯವೇ ಬೀಳದಿರಬಹುದು. ಹಳೆಯ ಒಳ್ಳೆಯ ಇಂಗ್ಲಿಷ್ ಕೋವಿಯಾಗಿದ್ದರಂತೂ ಅದರ ಅಕ್ರೋಟಿನ ಮರಕ್ಕೆ ಕೈಹಚ್ಚದಿರುವುದೇ ಲೇಸು.

ಮೆತ್ತೆಗಳಲ್ಲಿಯೂ ಭೇದಗಳುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಸಿಲ್ವರ್ ಕಂಪನಿಯವರ ಕೆಂಪು ರಬ್ಬರಿನ ಮೆತ್ತೆ ಹೆಸರುವಾಸಿಯಾಗಿತ್ತು. ಸಿಲ್ವರ್‌ಟೌನ್ ಎಂಬ ಬಡಾವಣೆಗೆ ಹೆಸರು ಬಂದದ್ದು ಆ ಕಂಪನಿಯಿಂದಲೇ. ಅಮೆರಿಕದ ಪ್ಯಾಕ್‌ಮೇಯರ್ ಮೆತ್ತೆಗಳು ಅನಂತರ ಪ್ರಸಿದ್ಧವಾದವು. ಸೋರ್ಬೋಥೇನ್ ಎಂಬ ಕೃತಕ ಪದಾರ್ಥವು ಪೆಟ್ಟನ್ನು ಹೀರಿಕೊಂಡು ರಬ್ಬರಿನಂತೆ ಥಟ್ಟನೆ ಹಿಂದಕ್ಕೆ ಪುಟಿಯುವುದಿಲ್ಲವಾದುದರಿಂದ ಇಂದು ಕೆಲವರಿಗೆ ಅದು ಹೆಚ್ಚು ಪ್ರಿಯ. ಅತಿ ಮೃದುವಾದುದೇ ಅತ್ಯುತ್ತಮವೆಂದು ಭಾವಿಸಬಾರದು. ಮೆದುವಾದ ಮೆತ್ತೆ ಭಾರಿ ತೋಟಾಕ್ಕೆ ಪೂರ್ತಿ ಅಮರಿಹೋದರೆ ಉಳಿದ ಪೆಟ್ಟು ಮರದಿಂದಲೇ ಬೀಳುತ್ತದೆ. ಮೆತ್ತೆಯ ಮುಖ ಬಟ್ಟೆಗೆ ಅಂಟಿಕೊಳ್ಳದಂತಿರಬೇಕೆಂಬುದನ್ನೂ ನೋಡಿಕೊಳ್ಳಬೇಕು. ಚರ್ಮ ಹೊದಿಸಿದ ಮೆತ್ತೆ ಇದಕ್ಕಾಗಿಯೇ ಹುಟ್ಟಿದ್ದು. ಮೇಲ್ತುದಿಯನ್ನು ದುಂಡಗೆ ಮಾಡಿದರೂ ಒಳ್ಳೆಯ ಫಲವುಂಟು.

ಕೂರಿಸುವ ಕ್ರಮ ಹೀಗೆ. ಕೋವಿಯನ್ನು ತೆರೆದು ಎರಡು ನಳಿಗೆಗಳೂ ಖಾಲಿಯೆಂದು ಕಣ್ಣಿನಿಂದ ಕಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಡಬೇಕು. ಖಾಲಿ ಕೋವಿಯನ್ನು ಬುಡ ನೆಲಕ್ಕೆ ಸಮವಾಗಿ ಕೂರುವಂತೆ ಗೋಡೆಗೆ ಆನಿಸಿ ನಿಲ್ಲಿಸಿದರೆ, ನಳಿಗೆಯ ಹಿಂತುದಿ ಗೋಡೆಯನ್ನು ಮುಟ್ಟಿ ಬಾಯಿ ಗೋಡೆಯಿಂದ ಸ್ವಲ್ಪ ದೂರ ನಿಲ್ಲುತ್ತದೆ. ಆ ದೂರವನ್ನು ಬರೆದಿಟ್ಟುಕೊಳ್ಳಬೇಕು. ಕೊಯ್ತದ ಕೋನ ತಪ್ಪಿ ಈ ಅಳತೆ ಕೆಟ್ಟಿತೆಂದರೆ ಬುಡದ ಕೆಳತುದಿ ಎದೆಯನ್ನು ತಿವಿಯಬಹುದು, ಇಲ್ಲವೆ ಕೋವಿ ಹೆಗಲಿನಿಂದ ಜಾರಬಹುದು. ಲೆಕ್ಕಕ್ಕೆ ಒಂದು ಉದಾಹರಣೆ: ಕೋವಿಯ ಈಗಿನ ಮರದ ಉದ್ದ 14¾ ಅಂಗುಲ, ನಮಗೆ ಬೇಕಾದದ್ದು 14¼, ಮೆತ್ತೆಯ ದಪ್ಪ ತಳದ ಗಟ್ಟಿ ಹಲಗೆಯೂ ಸೇರಿ ಒಂದಂಗುಲ. ಆಗ ಮರ 13¼ ಅಂಗುಲ ಉಳಿಯತಕ್ಕದ್ದು, ಕೊಯ್ಯಬೇಕಾದದ್ದು ಒಂದೂವರೆ. ಎರಡು ಸಲ ಅಳೆದು, ಮರುದಿನ ಮೂರನೆಯ ಸಲ ಅಳೆದರೆ ನಷ್ಟವಿಲ್ಲ.

ಗೆರೆಯ ಸುತ್ತ ಅಂಟುಪಟ್ಟಿಯನ್ನು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ದರೆ ಅಂಚು ಸೀಳುವುದಿಲ್ಲ. ಮರದೊಳಗೆ ಉದ್ದನೆಯ ಬೋಲ್ಟೋ ತೂಕಕ್ಕೆಂದು ತುಂಬಿದ ಸೀಸವೋ ಇದೆಯೇ ಎಂಬುದನ್ನು ಮೊದಲೇ ನೋಡಿರಬೇಕು. ಕೊಯ್ದ ಮುಖವನ್ನು ಗಾಜಿನ ಮೇಲಿರಿಸಿದ ಮರಳುಕಾಗದಕ್ಕೆ ಉಜ್ಜಿ ಸಮಮಾಡಬೇಕು. ಕೊಯ್ದ ತುಂಡನ್ನೂ ಹಳೆಯ ತಗಡನ್ನೂ ಎಸೆಯಬಾರದು; ಮುಂದೆ ಉದ್ದ ತೋಳಿನ ಮೊಮ್ಮಗನೊಬ್ಬ ಹುಟ್ಟಬಹುದು. ಹಳೆಯ ತಿರುಪಿನ ರಂಧ್ರಗಳು ಹೊಸದಕ್ಕೆ ಹೊಂದದಿದ್ದರೆ ಮರದ ಕಡ್ಡಿಗೆ ಅಂಟು ಸವರಿ ತುಂಬಿ, ಒಣಗಿದ ಮೇಲೆ ಬೈರಿಗೆಯಿಂದ ಹೊಸದಾಗಿ ಕೊರೆಯಬೇಕು. ತಿರುಪು ರಬ್ಬರಿನ ಸೀಳಿನ ಮೂಲಕ ಇಳಿಯತಕ್ಕದ್ದಾದುದರಿಂದ ಅದಕ್ಕೂ ತಿರುಪುಳಿಗೂ ಸಾಬೂನು ಸವರಿದರೆ ಮುಖ ಹರಿಯುವುದಿಲ್ಲ.

ಮೆತ್ತೆಯು ಮರಕ್ಕಿಂತ ಸ್ವಲ್ಪ ದೊಡ್ಡದಾಗಿರತಕ್ಕದ್ದು. ಅದನ್ನು ಕೂರಿಸಿ, ಮರದ ಅಂಚನ್ನು ತಳದ ಹಲಗೆಯ ಮೇಲೆ ಚೂಪಾದ ಕಡ್ಡಿಯಿಂದ ಗೀರಿ, ಬಿಚ್ಚಿ, ಗೀರಿನವರೆಗೆ ತಿರುಗುವ ಮರಳುಕಾಗದದ ತಟ್ಟೆಗೆ ಹಿಡಿದು ಸವೆಸುತ್ತಾರೆ. ಕೆಲಸಗಾರನ ಕೈಗುಣ ತಿಳಿಯುವುದು ಇಲ್ಲಿ. ಮರದ ಕೆಳಗೆರೆ ರಬ್ಬರಿನಲ್ಲಿಯೂ ಅದೇ ಓಟದಲ್ಲಿ ಮುಂದುವರಿಯಬೇಕು. ಅಲ್ಲಿ ಒಂದು ಮುರಿವು ಕಂಡರೆ ಕೋವಿ ಕುಂಟುವಂತೆ ಕಾಣುತ್ತದೆ. ಅವಸರದಿಂದ ಒತ್ತಿದರೆ ರಬ್ಬರು ಬಿಸಿಯಾಗಿ ಅಂಟಾಗುತ್ತದೆ. ಹಗುರವಾಗಿ ಮುಟ್ಟಿಸಿ ಆರಲು ಬಿಡುತ್ತಿರಬೇಕು.

ನಮ್ಮ ಬಡಗಿಗಳು ಮರೆಯುವ ಒಂದು ಕೆಲಸವುಂಟು. ಕೊಯ್ದ ಮರದ ತುದಿಯಲ್ಲಿ ಅದರ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಮಡಿಕೇರಿಯ ಮಳೆಗಾಲದಲ್ಲಿ ಆ ಬಾಯಿಗಳು ತೇವವನ್ನು ಹೀರಿದರೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೆತ್ತೆಯನ್ನು ಕಡೆಯ ಸಲ ಬಿಗಿಯುವುದಕ್ಕೆ ಮೊದಲು ಆ ಮುಖಕ್ಕೂ ತಿರುಪಿನ ರಂಧ್ರಗಳಿಗೂ ವಾರ್ನಿಷನ್ನು ಎರಡು ಮೂರು ಸಲ ಕುಡಿಸಿ ಒಣಗಿಸಬೇಕು. ರಬ್ಬರಿಗಾದರೋ ಕೋವಿಯ ಎಣ್ಣೆಯೇ ಶತ್ರು. ನಳಿಗೆ ಒರೆಸಿದ ಕೈಯನ್ನು ಮೆತ್ತೆಗೆ ಒರೆಸಬಾರದು. ಕೋವಿಯನ್ನು ವರ್ಷಗಟ್ಟಲೆ ಮೆತ್ತೆಯ ಮೇಲೆಯೇ ನಿಲ್ಲಿಸಿದರೆ ಅದು ಒಂದೇ ಕಡೆ ಅಮರಿ ಸೊಟ್ಟಗಾಗುತ್ತದೆ. ಅಡ್ಡವಾಗಿ ಮಲಗಿಸಿಟ್ಟರೆ ಆ ತೊಂದರೆಯಿಲ್ಲ. ವರ್ಷಕ್ಕೊಮ್ಮೆ ಪೂಜೆಗೆಂದು ಕೋವಿಯನ್ನು ಇಳಿಸಿದಾಗ ಮೆತ್ತೆಯನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಮೂಡದಷ್ಟು ಕಲ್ಲಾಗಿದ್ದರೆ, ಅಥವಾ ಬಿರುಕಿನಿಂದ ಪುಡಿಯುದುರಿದರೆ, ಅದನ್ನು ಬದಲಿಸುವ ಕಾಲ ಬಂದಿದೆ. ಈ ಸಲ ಮರ ಕೊಯ್ಯಬೇಕಾದದ್ದಿಲ್ಲ. ಅಷ್ಟೇ ದಪ್ಪದ ಇನ್ನೊಂದನ್ನು ತಂದರೆ ಸಾಕು.