ಕಾಳಿಯ ನೀರೂ ಪರಮಾಣುವೂ

(ದೃಶ್ಯ: ಹಣಕೋಣದ ಬಳಿ ಕಾಳಿ ನದಿ)
ಸಹ್ಯಾದ್ರಿಯಲ್ಲಿ ಉದಿಸಿ, ಕದ್ರಾ ಜಲಾಶಯದಲ್ಲಿ ತಂಗಿ, ಹಣಕೋಣದ ಮಗ್ಗುಲಲ್ಲಿ ಹರಿದು, ಕಾರವಾರದ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿಯ ತೀರದಲ್ಲಿ, ಪರಮಾಣುವಿಜ್ಞಾನವೂ ಜೀವಜಲದ ಚಿಂತೆಯೂ ಪರಸ್ಪರ ಸಂಧಿಸಿವೆ.

(ದೃಶ್ಯ: ಕೈಗಾ ಸ್ಥಾವರ)
ಕಾಳಿಯ ತೀರದ ಕೈಗಾ ಪರಮಾಣು ವಿದ್ಯುತ್ ಸ್ಥಾವರದ, ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ರಿಯಾಕ್ಟರುಗಳಲ್ಲಿ, ಯುರೇನಿಯಂ ಒಡೆದಾಗ ಹೊಮ್ಮುವ ನ್ಯೂಟ್ರಾನುಗಳ ವೇಗವನ್ನು ಭಾರಜಲವು ತಗ್ಗಿಸುತ್ತದೆ. ಆ ಜಲದಲ್ಲಿರುವ ಡ್ಯೂಟೀರಿಯಂ ಎಂಬ ಭಾರ ಹೈಡ್ರೋಜನ್ ನ್ಯೂಟ್ರಾನೊಂದನ್ನು ಗ್ರಹಿಸಿತೆಂದರೆ ಟ್ರಿಟಿಯಂ ಆಗುತ್ತದೆ. ಸುಮಾರು 12.3 ವರ್ಷ ಅರ್ಧಾಯುವುಳ್ಳ ಈ ವಿಕಿರಣಶೀಲ ಹೈಡ್ರೋಜನ್, ನೀರಿನ ಅಣುವಿನಲ್ಲಿಯೇ ಅಂಗವಾಗಿ ಸೇರಿಬಿಡುವುದರಿಂದ, ಸಾಮಾನ್ಯ ಸೋಸುವಿಕೆಗೆ ಸಿಕ್ಕದು. ಆದಕಾರಣವೇ ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸುತ್ತಣ ಗಾಳಿ, ನೀರು, ಮಣ್ಣು, ಆಹಾರಗಳ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸುತ್ತಿದೆ.

(ದೃಶ್ಯ: ವಿಕಿರಣ ಚಿಕಿತ್ಸೆಯ ಯಂತ್ರ)
ಅದೇ ನ್ಯೂಟ್ರಾನು ಸಾಧಾರಣ ಕೋಬಾಲ್ಟನ್ನು ಹೊಕ್ಕರೆ ಕೋಬಾಲ್ಟ್-60 ಹುಟ್ಟುತ್ತದೆ. ಅದರ ಗಾಮಾ ಕಿರಣಗಳು 1951ರಲ್ಲಿ ಕೆನಡಾದಲ್ಲಿ ಮೊದಲಾಗಿ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಒದಗಿದವು. ಗುರಿಯಿಟ್ಟು ಬೀಳುವ ಕಿರಣವು ಗೆಡ್ಡೆಯ ಜೀವಕೋಶಗಳ ಡಿಎನ್‌ಎಯನ್ನು ಭಗ್ನಗೊಳಿಸಿ ಅವುಗಳ ವೃದ್ಧಿಯನ್ನು ತಡೆಯುತ್ತದೆ. ಅಂಥ ಭಂಗವು ಆರೋಗ್ಯವಂತ ಕೋಶದಲ್ಲಿ ಸರಿಪಡದೆ ಉಳಿದರೆ, ಕಾಲಾಂತರದಲ್ಲಿ ಕ್ಯಾನ್ಸರಿಗೇ ಕಾರಣವಾಗಬಹುದು.

ಆದುದರಿಂದ, ವಿಕಿರಣವೆಂಬ ಹೆಸರು ಕೇಳಿದೊಡನೆ ಹೆದರುವುದಕ್ಕೂ ನೆಚ್ಚುವುದಕ್ಕೂ ಮುನ್ನ, ಕಾಳಿಯ ತೀರದವರು ಕೇಳತಕ್ಕ ಪ್ರಶ್ನೆಗಳು ಮೂರು: ಯಾವ ವಸ್ತು, ಎಷ್ಟು ಪ್ರಮಾಣ, ಎಷ್ಟು ಕಾಲ?