ಮಣ್ಣಿನ ಮಸೀದಿಗಳು

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ನೈಜರ್ ನದಿಯ ಬಯಲು ವಿಶಾಲವಾದುದು. ಅಲ್ಲಿ ಕಟ್ಟಡಕ್ಕೊದಗುವ ಕಲ್ಲು ಅಪರೂಪ; ಹೊಳೆ ತಂದು ಹಾಕುವ ಮಣ್ಣು ಹೇರಳ. ಆ ಮಣ್ಣಿನಿಂದಲೇ ಜನರು ತಮ್ಮ ಮನೆಗಳನ್ನೂ ಮಸೀದಿಗಳನ್ನೂ ಕಟ್ಟಿಕೊಂಡರು. ಮಳೆಗೆ ಕರಗುವ ಗೋಡೆಗಳು ತಲೆಮಾರುಗಳ ಕಾಲ ನಿಂತಿರುವುದು ಹೇಗೆ?

ಜೆನ್ನೆ ನಗರದ ಮಹಾಮಸೀದಿಯನ್ನು ನೋಡೋಣ. ಹದಿಮೂರನೆಯ ಶತಮಾನದಲ್ಲಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿದ ಅಲ್ಲಿಯ ದೊರೆಯು ತನ್ನ ಅರಮನೆಯ ಸ್ಥಳದಲ್ಲಿ ಮೊದಲ ಮಸೀದಿಯನ್ನು ಕಟ್ಟಿಸಿದನೆಂದು ಪ್ರತೀತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸೇಕು ಅಮಾದು ಎಂಬ ಅರಸನು ಅದರ ವೈಭವವನ್ನು ಮೆಚ್ಚದೆ, ದುರಸ್ತಿಯಿಲ್ಲದೆ ಹಾಳಾಗಲು ಬಿಟ್ಟನು. ಕೆಡವುವ ಶ್ರಮವೂ ಬೇಕಾಗಲಿಲ್ಲ. ಮಳೆಯೇ ಆ ಕೆಲಸವನ್ನು ಮಾಡಿತು. ಈಗಿರುವ ಮಸೀದಿಯು ಅದೇ ಸ್ಥಳದಲ್ಲಿ 1907ರಲ್ಲಿ ಪೂರ್ಣಗೊಂಡುದು. ಮೆಕ್ಕಾದತ್ತ ಮುಖ ಮಾಡಿದ ಪೂರ್ವದ ಗೋಡೆಯಲ್ಲಿ ಮೂರು ಗೋಪುರಗಳಿವೆ. ಅವುಗಳ ತುದಿಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಗಳಿವೆ. ಗೋಡೆಗಳ ತುಂಬ ತಾಳೆಮರದ ತುಂಡುಗಳು ಹೊರಚಾಚಿವೆ. ನೋಡುವವರಿಗೆ ಅವು ಅಲಂಕಾರ. ಮಣ್ಣು ಮೆತ್ತುವವರಿಗೆ ಕಾಲಿಡುವ ಆಸರೆ.

ಈ ಮಣ್ಣು ಮೆತ್ತುವ ಕಾರ್ಯವು ಜೆನ್ನೆಯ ವಾರ್ಷಿಕೋತ್ಸವ. ಮಣ್ಣಿಗೆ ಭತ್ತದ ಹೊಟ್ಟನ್ನು ಸೇರಿಸಿ, ನೀರು ಹಾಕಿ, ದಿನಗಟ್ಟಲೆ ಕೊಳೆಯಿಸುತ್ತಾರೆ. ಹುಡುಗರು ಕುಣಿದಾಡುತ್ತ ಅದನ್ನು ತುಳಿಯುತ್ತಾರೆ. ಹೆಂಗಸರು ನೀರು ಹೊತ್ತು ತರುತ್ತಾರೆ. ಗೊತ್ತಾದ ದಿನ ನಸುಕಿನಲ್ಲಿ ತರುಣರು ಬುಟ್ಟಿ ಹೊತ್ತು ಮಸೀದಿಯತ್ತ ಓಡುತ್ತಾರೆ. ಯಾವ ಕೇರಿಯವರು ಮುಂದೆಂಬ ಪೈಪೋಟಿ ಬೇರೆ! ಹಿರಿಯ ಗಾರೆಯವರು ನಿಂತು ಕೆಲಸ ಮಾಡಿಸುತ್ತಾರೆ. ಇಷ್ಟಾದರೂ 2009ರ ನವೆಂಬರಿನಲ್ಲಿ ಸುರಿದ ಜಡಿಮಳೆಗೆ ಒಂದು ಗೋಪುರದ ಮೇಲ್ಭಾಗ ಕುಸಿಯಿತು. ಅದನ್ನೂ ಮಣ್ಣಿನಿಂದಲೇ ಮತ್ತೆ ಕಟ್ಟಿದರು.

ಮಸ್ಜಿದ್ ಎಂಬ ಅರಬ್ಬೀ ಪದಕ್ಕೆ ಹಣೆಯನ್ನು ನೆಲಕ್ಕೆ ಮುಟ್ಟಿಸಿ ನಮಿಸುವ ಸ್ಥಳ ಎಂದರ್ಥ. ನಮಾಜಿಗೆ ಶುದ್ಧವಾದ ನೆಲ ಸಾಕು. ಭವ್ಯವಾದ ಕಟ್ಟಡವೇ ಬೇಕೆಂಬ ನಿಯಮವಿಲ್ಲ. ಆದರೆ ಶುಕ್ರವಾರದ ಸಾಮೂಹಿಕ ಪ್ರಾರ್ಥನೆಗೆ ಊರೆಲ್ಲ ಸೇರಬೇಕು. ಧರ್ಮಗ್ರಂಥದ ಅಧ್ಯಯನ ನಡೆಯಬೇಕು. ಹೀಗೆ ಮಸೀದಿಯು ವಿದ್ಯಾಕೇಂದ್ರವೂ ಆಯಿತು.

ಇದಕ್ಕೆ ಟಿಂಬಕ್ಟು ನಗರವೇ ನಿದರ್ಶನ. 1324ರಲ್ಲಿ ಹಜ್ ಯಾತ್ರೆಗೆ ಹೋಗಿ, ದಾರಿಯಲ್ಲಿ ಕೈರೋ ನಗರದಲ್ಲಿ ಚಿನ್ನವನ್ನು ಧಾರಾಳವಾಗಿ ಹಂಚಿದ ಮಾಲಿಯ ಚಕ್ರವರ್ತಿ ಮಾನ್ಸಾ ಮೂಸಾ, ಹಿಂದಿರುಗಿದ ಮೇಲೆ ಜಿಂಗರೆಬೆರ್ ಮಸೀದಿಯನ್ನು ಕಟ್ಟಿಸಿದನು. ಸಂಕೋರೆ ಮಸೀದಿಯ ಸುತ್ತ ವಿದ್ವಾಂಸರು ನೆಲೆಸಿದರು. ಧರ್ಮಶಾಸ್ತ್ರದ ಜೊತೆಗೆ ಖಗೋಲ, ಗಣಿತ, ವೈದ್ಯಗಳ ಹಸ್ತಪ್ರತಿಗಳೂ ಅಲ್ಲಿಯ ಮನೆಮನೆಗಳಲ್ಲಿ ಸಂಗ್ರಹವಾದವು.

2012ರಲ್ಲಿ ಸಶಸ್ತ್ರ ಗುಂಪುಗಳು ಈ ನಗರವನ್ನು ಹಿಡಿದವು. ಅವರೂ ಇಸ್ಲಾಮಿನ ಹೆಸರನ್ನೇ ಹೇಳಿದರು. ಸಂತರ ಸಮಾಧಿಗಳನ್ನು ಗೌರವಿಸುವುದು ಧರ್ಮಬಾಹಿರವೆಂದು ಅವುಗಳನ್ನು ಕೆಡವಿದರು; ಸೀದಿ ಯಾಹ್ಯಾ ಮಸೀದಿಯಲ್ಲಿ ಪ್ರಳಯದವರೆಗೂ ತೆರೆಯಬಾರದೆಂದು ಜನರು ನಂಬಿದ್ದ ಬಾಗಿಲನ್ನು ಒಡೆದರು. ಈ ವಿಧ್ವಂಸಕ್ಕಾಗಿ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಒಬ್ಬನಿಗೆ ಒಂಬತ್ತು ವರ್ಷಗಳ ಸೆರೆವಾಸವನ್ನು ವಿಧಿಸಿತು. ಅಷ್ಟರಲ್ಲಿ ಟಿಂಬಕ್ಟುವಿನ ಗಾರೆಯವರು ಹಳೆಯ ಅಡಿಪಾಯಗಳನ್ನು ಹುಡುಕಿ, ಹಿರಿಯರಿಂದ ಅಳತೆಗಳನ್ನು ಕೇಳಿ ತಿಳಿದು, ಹದಿನಾಲ್ಕು ಸಮಾಧಿಗಳನ್ನು ಮಣ್ಣಿನಲ್ಲಿಯೇ ಮತ್ತೆ ಎಬ್ಬಿಸಿದ್ದರು. ಸೀದಿ ಯಾಹ್ಯಾದ ಬಾಗಿಲೂ ಆ ವರ್ಷವೇ ತನ್ನ ಸ್ಥಾನಕ್ಕೆ ಮರಳಿತು.