ಆಟ ಮಕ್ಕಳದ್ದು, ಲೆಕ್ಕ ಹೋಟೆಲ್ ರೂಮಿನದ್ದು

‘ಕಮಿಷನ್‌ನಲ್ಲಿ ಕೆಲಸ ಸಿಕ್ತು’ ಅಂತ ಅಮೆರಿಕದಿಂದ ಫೋನ್ ಮಾಡಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಕಡೆ ಕಮಿಷನ್ ಅಂದ್ರೆ ಎಪಿಎಂಸಿ ದಲ್ಲಾಳಿಯದ್ದು, ಇಲ್ಲಾ ಗುತ್ತಿಗೆದಾರರ ಪರ್ಸೆಂಟೇಜಿನದ್ದು. ‘ಸ್ಪೋರ್ಟ್ಸ್ ಕಮಿಷನ್ ಅಪ್ಪಾ, ಆಟೋಟದ್ದು’ ಅಂದೆ. ‘ನೀನು ಓದಿದ್ದು ಇಂಜಿನಿಯರಿಂಗ್ ಅಲ್ವೇನೋ?’ ಅಂದರು.

ಓದಿದ್ದು ಅದೇ. ಎಂಎಸ್ ಮಾಡಲು ಅಮೆರಿಕದ ಮಿಡ್‌ವೆಸ್ಟ್‌ಗೆ ಹೋಗಿದ್ದೆ. ಬೇಸಿಗೆಯಲ್ಲಿ ಕ್ಲಾಸ್‌ಮೇಟ್‌ಗಳಿಗೆಲ್ಲ ಕಾರು ಕಾರ್ಖಾನೆಗಳಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಮಧ್ಯಮ ಗಾತ್ರದ ಊರಿನ ಸ್ಪೋರ್ಟ್ಸ್ ಕಮಿಷನ್‌ನಲ್ಲಿ ‘ಡೇಟಾ ಇಂಟರ್ನ್’ ಕೆಲಸ. ಮೂರು ತಿಂಗಳು ಒಂದೂ ಪಂದ್ಯವನ್ನು ಪೂರ್ತಿ ನೋಡಲಿಲ್ಲ. ಆದರೆ ಕ್ರೀಡೆಯ ಹೆಸರಲ್ಲಿ ಸಾರ್ವಜನಿಕರ ದುಡ್ಡು ಹೇಗೆ ಓಡಾಡುತ್ತೆ ಅನ್ನೋದನ್ನು ಕಲಿತೆ. ‘ಸ್ಪೋರ್ಟ್ಸ್ ಟೂರಿಸಂ’ ಅನ್ನೋ ಮಾತು ಈಗ ನಮ್ಮಲ್ಲೂ ಕೇಳಿಬರುತ್ತಿರುವುದರಿಂದ ಆ ಪಾಠವನ್ನು ಇಲ್ಲಿ ಹೇಳಬೇಕು ಅನ್ನಿಸಿತು.

ಏನಿದು ಸ್ಪೋರ್ಟ್ಸ್ ಕಮಿಷನ್?

ಹವ್ಯಾಸಿ ಕ್ರೀಡಾಕೂಟಗಳನ್ನು ತಮ್ಮ ಊರಿಗೆ ಕರೆತರುವುದೇ ಇವರ ಕೆಲಸ. ಐಪಿಎಲ್ ಥರದ್ದಲ್ಲ. ಹನ್ನೆರಡು ವರ್ಷದ ಹುಡುಗಿಯರ ವಾಲಿಬಾಲ್, ಸಾಫ್ಟ್‌ಬಾಲ್, ಶಾಲಾ ಮಕ್ಕಳ ಈಜು, ಕರಾಟೆ ಇಂಥವು. ಟಿವಿಯಲ್ಲಿ ಬರಲ್ಲ, ಟಿಕೆಟ್‌ಗೆ ನೂಕುನುಗ್ಗಲೂ ಇರಲ್ಲ. ಹಾಗಾದ್ರೆ ಊರಿಗೇನು ಲಾಭ?

ವೃತ್ತಿಪರ ತಂಡದ ಪಂದ್ಯ ನೋಡಲು ಬರುವವರಲ್ಲಿ ಹೆಚ್ಚಿನವರು ಸ್ಥಳೀಯರು. ಪಂದ್ಯ ಮುಗಿದರೆ ಮನೆಗೆ ಹೋಗ್ತಾರೆ. ಮಕ್ಕಳ ಟೂರ್ನಮೆಂಟ್ ಹಾಗಲ್ಲ. ಆಡೋದು ಒಂದು ಮಗು, ಹಿಂದೆ ಬರೋದು ಅಪ್ಪ, ಅಮ್ಮ, ತಮ್ಮ, ಕೆಲವೊಮ್ಮೆ ಅಜ್ಜಿ. ಎರಡು ರಾತ್ರಿ ಹೋಟೆಲ್, ಆರು ಹೊತ್ತು ಊಟ, ಕಾರಿಗೆ ಪೆಟ್ರೋಲ್. ಅಷ್ಟೂ ಹೊರಗಿನ ದುಡ್ಡು. ಹೋಟೆಲ್ ರೂಮಿನ ಮೇಲೆ ಹಾಕುವ ತೆರಿಗೆಯ ಒಂದು ಪಾಲು ಪ್ರವಾಸೋದ್ಯಮ ಪ್ರಚಾರಕ್ಕೆ ಹೋಗುತ್ತೆ. ಎಷ್ಟೋ ಊರುಗಳಲ್ಲಿ ಕಮಿಷನ್ ನಡೆಯೋದು ಅದೇ ದುಡ್ಡಿನಲ್ಲಿ.

ಈ ದಾರಿ ಹಾಕಿಕೊಟ್ಟ ಊರು ಇಂಡಿಯಾನಾಪೊಲಿಸ್. 1978ರಲ್ಲಿ ಅಮೆರಿಕ ಹವ್ಯಾಸಿ ಕ್ರೀಡಾ ಕಾಯ್ದೆ ತಂದು, ಪ್ರತಿ ಕ್ರೀಡೆಗೂ ಒಂದು ರಾಷ್ಟ್ರೀಯ ಆಡಳಿತ ಸಂಸ್ಥೆ ಇರುವ ವ್ಯವಸ್ಥೆ ಮಾಡಿತು. ಈ ಸಂಸ್ಥೆಗಳಿಗೆ ಕಚೇರಿ ಬೇಕು, ಮೈದಾನ ಬೇಕು ಅನ್ನೋದನ್ನು ಇಂಡಿಯಾನಾಪೊಲಿಸ್‌ನವರು ಬೇಗ ಗುರುತಿಸಿದರು. 1979ರಲ್ಲಿ ಇಂಡಿಯಾನಾ ಸ್ಪೋರ್ಟ್ಸ್ ಕಾರ್ಪೊರೇಷನ್ ಶುರುವಾಯಿತು. ದೇಶದ ಮೊದಲ ಸ್ಪೋರ್ಟ್ಸ್ ಕಮಿಷನ್ ಅಂತ ಅದಕ್ಕೆ ಹೆಸರು. ಲಿಲ್ಲಿ ಎಂಡೋಮೆಂಟ್ ಎಂಬ ದತ್ತಿ ಸಂಸ್ಥೆಯ ದುಡ್ಡೂ ಸೇರಿ ಈಜುಕೊಳ, ಟ್ರ್ಯಾಕ್ ಎದ್ದವು. ಚಿಲಿ ಮತ್ತು ಎಕ್ವಡಾರ್ ಹಿಂದೆ ಸರಿದ ಮೇಲೆ 1987ರ ಪ್ಯಾನ್ ಅಮೆರಿಕನ್ ಗೇಮ್ಸ್ ಈ ಊರಿಗೆ ಬಂತು. 1999ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ತನ್ನ ಕೇಂದ್ರ ಕಚೇರಿಯನ್ನೇ ಕ್ಯಾನ್ಸಸ್‌ನಿಂದ ಇಲ್ಲಿಗೆ ತಂದಿತು. ಕಾರ್ ರೇಸ್ ಬಿಟ್ಟರೆ ಬೇರೇನಕ್ಕೂ ಹೆಸರಿಲ್ಲದ ಊರು ಇಪ್ಪತ್ತು ವರ್ಷದಲ್ಲಿ ಬದಲಾಯಿತು. ಇದು ನಿಜವಾದ ಸಾಧನೆ, ಅಲ್ಲಗಳೆಯೋದು ಬೇಡ.

ತೊಂದರೆ ಅಂದ್ರೆ, ಆಮೇಲೆ ಎಲ್ಲ ಊರುಗಳಿಗೂ ತಾವೂ ಇಂಡಿಯಾನಾಪೊಲಿಸ್ ಆಗಬೇಕು ಅನ್ನಿಸಿತು.

ನಾನು ಮಾಡಿದ ಲೆಕ್ಕ

ಕಮಿಷನ್‌ನಲ್ಲಿ ನಾನು ಮೊದಲು ಕಲಿತ ಪದ ‘ರೂಮ್ ನೈಟ್’. ಒಂದು ರೂಮು, ಒಂದು ರಾತ್ರಿ. ಅಲ್ಲಿ ಎಲ್ಲವನ್ನೂ ಅಳೆಯೋದು ಇದರಲ್ಲೇ. ಯಾವ ಟೂರ್ನಮೆಂಟ್‌ಗೆ ಎಷ್ಟು ಪ್ರೋತ್ಸಾಹಧನ ಕೊಡಬೇಕು ಅನ್ನೋದೂ ಇದರ ಮೇಲೇ. ಹೌದು, ಟೂರ್ನಮೆಂಟ್ ತರಲು ಊರೇ ಆಯೋಜಕರಿಗೆ ದುಡ್ಡು ಕೊಡುತ್ತೆ. ಪಕ್ಕದ ಊರು ಹೆಚ್ಚು ಕೊಟ್ಟರೆ ಮುಂದಿನ ವರ್ಷ ಅದೇ ಟೂರ್ನಮೆಂಟ್ ಅಲ್ಲಿಗೆ ಹೋಗುತ್ತೆ.

ಲೆಕ್ಕ ಅರ್ಥವಾಗಲಿ ಅಂತ ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. 60 ತಂಡ, ತಂಡಕ್ಕೆ 12 ಮಕ್ಕಳು, ಒಟ್ಟು 720 ಕುಟುಂಬ. ಕುಟುಂಬಕ್ಕೆ ಮೂವರಂತೆ 2,160 ಜನ. ತಲೆಗೆ ದಿನಕ್ಕೆ 100 ಡಾಲರ್ ಖರ್ಚು ಅಂದರೆ ಎರಡು ದಿನಕ್ಕೆ 4,32,000 ಡಾಲರ್. 720 ರೂಮು, ಎರಡು ರಾತ್ರಿ, 120 ಡಾಲರ್ ಬಾಡಿಗೆ ಅಂದರೆ 1,72,800. ಒಟ್ಟು 6,04,800 ಆಯಿತು. ಈ ದುಡ್ಡು ಊರೊಳಗೆ ಕೈಯಿಂದ ಕೈಗೆ ತಿರುಗುತ್ತೆ ಅಂತ ‘ಮಲ್ಟಿಪ್ಲೈಯರ್’ ಹೆಸರಲ್ಲಿ ಒಂದೂವರೆಯಿಂದ ಗುಣಿಸಿ. 9,07,200! ಪತ್ರಿಕಾ ಪ್ರಕಟಣೆ ರೆಡಿ.

ಈಗ ಇದನ್ನೇ ಉಲ್ಟಾ ಓದಿ. ಮೂರರಲ್ಲಿ ಒಂದು ಪಾಲು ತಂಡಗಳು ಅದೇ ಊರಿನವು ಅಂದ್ಕೊಳ್ಳಿ. ಅವರು ಹೋಟೆಲ್‌ಗೆ ಹೋಗಲ್ಲ. ಟೂರ್ನಮೆಂಟ್ ಇಲ್ಲದಿದ್ದರೂ ಆ ಶನಿವಾರ ಅದೇ ಊರಲ್ಲೇ ಪಿಜ್ಜಾ ತಿಂತಿದ್ದರು. ಉಳಿಯೋದು 960 ರೂಮ್ ನೈಟ್. ರೂಮಿನ ತೆರಿಗೆ ಶೇ. 8 ಅಂದರೆ ಅದರಿಂದ ಬರೋದು 9,216 ಡಾಲರ್. ಟೂರ್ನಮೆಂಟ್ ತರಲು 15,000 ಕೊಟ್ಟಿದ್ದರೆ? ಮಾರಾಟ ತೆರಿಗೆ ಸ್ವಲ್ಪ ಬರುತ್ತೆ, ನಿಜ. ಆದರೆ ರೂಮಿನ ದುಡ್ಡಿನಲ್ಲಿ ದೊಡ್ಡ ಪಾಲು ಬೇರೆಲ್ಲೋ ಇರುವ ಹೋಟೆಲ್ ಮಾಲೀಕರಿಗೆ, ಚೈನ್ ಕಂಪನಿಗೆ ಹೋಗುತ್ತೆ. ಹಾಸಿಗೆ ಬದಲಿಸುವ ಕೆಲಸದವರ ಗಂಟೆಯ ಕೂಲಿ ಅಷ್ಟೇ ಇರುತ್ತೆ.

ನಾನು ನನ್ನ ಎಕ್ಸೆಲ್ ಶೀಟಿನಲ್ಲಿ ಸ್ಥಳೀಯ ತಂಡಗಳನ್ನು ಕಳೆದಿದ್ದೆ. ಇಂಜಿನಿಯರ್ ಬುದ್ಧಿ. ಮ್ಯಾನೇಜರ್ ಒಳ್ಳೆಯವರೇ, ನಗುತ್ತಲೇ ಹೇಳಿದರು: ‘ಹೋದ ವರ್ಷದ ಫಾರ್ಮುಲಾನೇ ಇರಲಿ. ಇಲ್ಲಾಂದ್ರೆ ಈ ವರ್ಷ ಕಡಿಮೆ ಆದ ಹಾಗೆ ಕಾಣುತ್ತೆ.’ ನಾನು ವಾಪಸ್ ಸೇರಿಸಿದೆ. ಇಂಟರ್ನ್‌ಶಿಪ್‌ನ ಕ್ರೆಡಿಟ್‌ಗೆ ಅವರ ಸಹಿ ಬೇಕಿತ್ತು. ಎರಡು ವಾರದ ನಂತರ ಆ ಅಂಕಿ ಊರಿನ ಪತ್ರಿಕೆಯಲ್ಲಿ ಬಂತು. ಅದಾದ ಮೇಲೆ ಹೊಸ ಮೈದಾನಗಳಿಗೆ ಸಾಲ ಎತ್ತುವ ಬಗ್ಗೆ ಸಿಟಿ ಕೌನ್ಸಿಲ್‌ನಲ್ಲಿ ಚರ್ಚೆ ನಡೆದಾಗ ಒಬ್ಬ ಸದಸ್ಯರು ಅದನ್ನೇ ಓದಿದರು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಾನು ಹಿಂದಿನ ಸಾಲಿನಲ್ಲೇ ಕೂತಿದ್ದೆ, ನಾನೂ ಬಾಯಿ ಬಿಡಲಿಲ್ಲ.

ಸಂಬಳದ ವಿಷಯ ಹೇಳಲಿಲ್ಲ ಅಲ್ವಾ? ಸಂಬಳ ಇರಲಿಲ್ಲ. ಅಮೆರಿಕದಲ್ಲಿ ಲಾಭರಹಿತ ಸಂಸ್ಥೆಗಳು ಸಾಮಾನ್ಯವಾಗಿ ಇಂಟರ್ನ್‌ಗಳನ್ನು ಸ್ವಯಂಸೇವಕರಂತೆ ಪುಕ್ಕಟೆ ದುಡಿಸಿಕೊಳ್ಳಬಹುದು. ಮೇಲಾಗಿ, ಆ ಕ್ರೆಡಿಟ್‌ಗೆ ಯೂನಿವರ್ಸಿಟಿಗೆ ಫೀಸು ಕಟ್ಟಿದ್ದೂ ನಾನೇ. ದುಡ್ಡು ಕೊಟ್ಟು ಕೆಲಸ ಮಾಡುವವನು ಪ್ರಶ್ನೆ ಕೇಳುವುದು ಕಷ್ಟ.

ತಂಗಿ ಮನೆಯಲ್ಲಿ ಮಲಗಿದರೆ ಲೆಕ್ಕಕ್ಕಿಲ್ಲ

ಒಂದು ಶುಕ್ರವಾರ ಸಂಜೆ ನೋಂದಣಿ ಟೇಬಲ್ಲಿನಲ್ಲಿ ಕೂತಿದ್ದೆ. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ಒಬ್ಬರು ಕೇಳಿದರು: ‘ನನ್ನ ತಂಗಿ ಮನೆ ಇಲ್ಲೇ ಹತ್ತು ನಿಮಿಷ. ನಾನ್ಯಾಕೆ ಹೋಟೆಲ್ ರೂಮ್ ಮಾಡಬೇಕು?’ ‘ಸ್ಟೇ ಟು ಪ್ಲೇ’ ಅನ್ನೋ ನಿಯಮ ಅದು. ಆಯೋಜಕರು ಹೇಳಿದ ಹೋಟೆಲ್‌ನಲ್ಲೇ ಉಳಿದರೆ ಮಾತ್ರ ತಂಡಕ್ಕೆ ಪ್ರವೇಶ. ಪ್ರತಿ ರೂಮಿನ ಮೇಲೂ ಹೋಟೆಲ್‌ನವರು ಆಯೋಜಕರಿಗೆ ಒಂದಿಷ್ಟು ಕೊಡ್ತಾರೆ. ಹಾಂ, ಇದು ನಮ್ಮಪ್ಪನಿಗೆ ಗೊತ್ತಿದ್ದ ಕಮಿಷನ್. ‘ರೂಲ್ಸ್ ಸರ್’ ಅಂದೆ. ಅವರು ಕಾರ್ಡ್ ಉಜ್ಜಿ ದುಡ್ಡು ಕಟ್ಟಿದರು. ರಾತ್ರಿ ತಂಗಿ ಮನೆಯಲ್ಲೇ ಮಲಗಿದರಂತೆ. ರೂಮು ಖಾಲಿ ಬಿತ್ತು, ನನ್ನ ಶೀಟಿನಲ್ಲಿ ಎರಡು ರೂಮ್ ನೈಟ್ ದಾಖಲಾದವು.

ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಕೊಡಗು ನೆನಪಾಗುತ್ತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರು ಮಾಡಿದಾಗ ಬಂದಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360 ಕುಟುಂಬ, ಗಿನ್ನಿಸ್ ದಾಖಲೆ. ಪ್ರತಿ ಸಲ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತೆ. ಹೆಣ್ಣುಮಕ್ಕಳು ಗಂಡಸರ ಜೊತೆ ಒಂದೇ ತಂಡದಲ್ಲಿ ಆಡ್ತಾರೆ. ಅಲ್ಲೂ ಸರ್ಕಾರದ ಅನುದಾನ ಇದೆ, ಹೋಂಸ್ಟೇ ವ್ಯಾಪಾರವೂ ಇದೆ. ಆದರೆ ಹಬ್ಬ ಹುಟ್ಟಿದ್ದು ರೂಮು ತುಂಬಿಸಲಿಕ್ಕಲ್ಲ, ಊರು ಬಿಟ್ಟು ಹೋದವರನ್ನೂ ಒಂದೆಡೆ ಸೇರಿಸಲಿಕ್ಕೆ. ನೆಂಟರ ಮನೆಯಲ್ಲಿ ಉಳಿದು, ಅಲ್ಲೇ ಉಂಡು, ಮೈದಾನಕ್ಕೆ ಬರುವವನ ಬೆಲೆ ನನ್ನ ಎಕ್ಸೆಲ್ ಶೀಟಿನಲ್ಲಿ ಸೊನ್ನೆ.

ಕ್ರೀಡೆಯಿಂದ ಊರಿಗೆ ದುಡ್ಡು ಬರಬಾರದು ಅಂತ ನಾನು ಹೇಳ್ತಿಲ್ಲ. ಬರಲಿ. ಆದರೆ ನಾಳೆ ನಿಮ್ಮ ಜಿಲ್ಲೆಯಲ್ಲಿ ಯಾರಾದರೂ ‘ಈ ಕ್ರೀಡಾಕೂಟದಿಂದ ಇಷ್ಟು ಕೋಟಿ ಆರ್ಥಿಕ ಚಟುವಟಿಕೆ’ ಅಂತ ಹೇಳಿಕೆ ಕೊಟ್ಟರೆ ನಾಲ್ಕು ಪ್ರಶ್ನೆ ಕೇಳಿ. ಈ ಅಂಕಿ ಕ್ರೀಡಾಕೂಟಕ್ಕೆ ಮುಂಚಿನದೋ, ಆಮೇಲೆ ಎಣಿಸಿದ್ದೋ? ಸ್ಥಳೀಯರನ್ನು ಕಳೆದಿದ್ದೀರಾ? ಸರ್ಕಾರ ಕೊಟ್ಟಿದ್ದೆಷ್ಟು, ಬೊಕ್ಕಸಕ್ಕೆ ವಾಪಸ್ ಬಂದಿದ್ದೆಷ್ಟು? ಕೂಟ ಮುಗಿದ ಸೋಮವಾರ ಆ ಮೈದಾನದ ಗೇಟು ಊರಿನ ಮಕ್ಕಳಿಗೆ ತೆರೆದಿರುತ್ತಾ?

ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ. ಅವತ್ತು ಕೌನ್ಸಿಲ್ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು ನಾನು ಕೇಳದೇ ಬಿಟ್ಟ ಪ್ರಶ್ನೆಗಳನ್ನು ನೀವಾದರೂ ಕೇಳಿ.